ಸಾವನದುರ್ಗವೂ ಭೂಮಿಯ ಅಳತೆಯೂ

ಭೂಗೋಳದ ಮೇಲೆ ಮನುಷ್ಯ ಲೆಕ್ಕಕ್ಕಾಗಿ ಎಳೆದುಕೊಂಡ ಗೆರೆಗಳಲ್ಲಿ ಜನ ನೋಡಲು ಹೋಗುವ ಗೆರೆಗಳು ತೀರ ಕಡಿಮೆ. ಅವುಗಳಲ್ಲಿ ಅತಿ ಹೆಚ್ಚು ಪ್ರವಾಸಿಗಳನ್ನು ಸೆಳೆಯುವ ಗೆರೆಗಳಲ್ಲಿ ಭೂಮಧ್ಯರೇಖೆ ಒಂದು. ಈಕ್ವೆಡಾರ್ ದೇಶದ ಕೀಟೋ ನಗರದ ಬಳಿ 30 ಮೀಟರ್ ಎತ್ತರದ ಸ್ಮಾರಕವಿದೆ; ಉಗಾಂಡದ ಕಯಾಬ್ವೆಯಲ್ಲಿ ಹೆದ್ದಾರಿಯ ಪಕ್ಕ ಕಾಂಕ್ರೀಟಿನ ದೊಡ್ಡ ಬಳೆಯೊಂದು ನಿಂತಿದೆ; ಇಂಡೊನೇಷ್ಯದ ಪೊಂಟಿಯಾನಕ್‌ನಲ್ಲಿ 1928ರಲ್ಲಿ ನೆಟ್ಟ ಗುರುತು ಈಗ ಗುಮ್ಮಟದ ಕಟ್ಟಡವಾಗಿ ಬೆಳೆದಿದೆ; ಬ್ರೆಜಿಲ್‌ನ ಮಕಾಪಾ ಊರಿನವರು ಕಾಲ್ಚೆಂಡಿನ ಮೈದಾನದ ನಡುಗೆರೆಯನ್ನೇ ಭೂಮಧ್ಯರೇಖೆಯೊಂದಿಗೆ ಹೊಂದಿಸಿ, ಒಂದು ತಂಡ ಉತ್ತರಾರ್ಧಗೋಳದಲ್ಲಿಯೂ ಇನ್ನೊಂದು ದಕ್ಷಿಣಾರ್ಧಗೋಳದಲ್ಲಿಯೂ ಆಡುವಂತೆ ಮಾಡಿದ್ದಾರೆ. ಭಾರತದ ನೆಲವನ್ನು ಈ ರೇಖೆ ಎಲ್ಲಿಯೂ ಮುಟ್ಟುವುದಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗದಿಂದ ಅದು ದಕ್ಷಿಣಕ್ಕೆ ಸುಮಾರು 1,430 ಕಿಲೋಮೀಟರ್ ದೂರದಲ್ಲಿ, ಹಿಂದೂ ಮಹಾಸಾಗರದ ನೀರಿನ ಮೇಲೆ ಹಾದುಹೋಗುತ್ತದೆ. ಆದರೂ ಕಣ್ಣಿಗೆ ಕಾಣದ ಒಂದು ಗೆರೆಗೆ ನೆಲದ ಮೇಲೆ ನಿಶ್ಚಿತ ಜಾಗವನ್ನು ಕೊಟ್ಟ ವಿದ್ಯೆ, ಅಂದರೆ ಭೂಮಿಯ ಆಕಾರವನ್ನೂ ಗಾತ್ರವನ್ನೂ ಅಳೆಯುವ ಭೂಮಾಪನಶಾಸ್ತ್ರ, 19ನೇ ಶತಮಾನದ ಮೊದಲ ದಶಕದಲ್ಲಿ ಮಾಗಡಿಯ ಕಾಡನ್ನು ಹಾಯ್ದು ಸಾವನದುರ್ಗದ ನೆತ್ತಿಯನ್ನು ಏರಿತ್ತು. ಇಂದು ಬೆಂಗಳೂರಿನಿಂದ ವಾರಾಂತ್ಯಕ್ಕೆ ಬರುವ ಸಾವಿರಾರು ಜನ ಹತ್ತಿ ಇಳಿಯುವ ಈ ಬೆಟ್ಟದ ಚರಿತ್ರೆಯಲ್ಲಿ ಎಲ್ಲಕ್ಕಿಂತ ಕಡಿಮೆ ಹೇಳಲಾಗಿರುವ ಅಧ್ಯಾಯ ಅದೇ.

ಭೂಮಧ್ಯರೇಖೆಯ ಕಲ್ಪನೆ ಈ ನಾಡಿಗೆ ಯುರೋಪಿನವರು ತಂದುಕೊಟ್ಟದ್ದಲ್ಲ. ಭಾರತೀಯ ಜ್ಯೋತಿಷ ಸಿದ್ಧಾಂತಗ್ರಂಥಗಳು ಅಕ್ಷಾಂಶವಿಲ್ಲದ ಪ್ರದೇಶವನ್ನು ನಿರಕ್ಷ ದೇಶ ಎಂದು ಕರೆದು, ಅಲ್ಲಿ ಹಗಲೂ ರಾತ್ರಿಯೂ ವರ್ಷವಿಡೀ ಸಮನಾಗಿರುತ್ತವೆ, ಎರಡು ಧ್ರುವಗಳೂ ದಿಗಂತದ ಅಂಚಿನಲ್ಲಿಯೇ ಇರುತ್ತವೆ ಎಂದು ಸರಿಯಾಗಿಯೇ ವಿವರಿಸಿದ್ದವು. ಸೂರ್ಯಸಿದ್ಧಾಂತವು ಆ ರೇಖೆಯ ಮೇಲೆ ಪರಸ್ಪರ 90 ಅಂಶ ದೂರದಲ್ಲಿ ಲಂಕಾ, ಯಮಕೋಟಿ, ಸಿದ್ಧಪುರ, ರೋಮಕ ಎಂಬ ನಾಲ್ಕು ನಗರಗಳನ್ನು ಇರಿಸಿತು. ಸಿದ್ಧಾಂತದ ಈ ಲಂಕೆ ಇಂದಿನ ಶ್ರೀಲಂಕೆಯಲ್ಲ, ಉಜ್ಜಯಿನಿಯ ನೇರ ದಕ್ಷಿಣಕ್ಕೆ ಭೂಮಧ್ಯರೇಖೆಯ ಮೇಲೆ ಲೆಕ್ಕಕ್ಕಾಗಿ ಹಿಡಿದ ಒಂದು ಬಿಂದು. ಯಾರೂ ಹೋಗಿ ನೋಡದ, ನೋಡುವ ಅಗತ್ಯವೂ ಇಲ್ಲದ ಈ ಊರುಗಳನ್ನು ಗಣಿತಕ್ಕೆ ಬೇಕಾದ ಗೂಟಗಳೆಂದು ತಿಳಿಯಬೇಕು. ಒಂದು ಊರು ನಿರಕ್ಷದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಪಂಚಾಂಗದವರು ನೆರಳಿನಿಂದ ಅಳೆಯುತ್ತಿದ್ದರು: ಹಗಲು ರಾತ್ರಿಗಳು ಸಮವಾಗುವ ವಿಷುವದ್ದಿನದ ಮಧ್ಯಾಹ್ನ, 12 ಅಂಗುಲ ಎತ್ತರದ ಶಂಕು, ಅಂದರೆ ನೇರವಾಗಿ ನಿಲ್ಲಿಸಿದ ಗೂಟ, ಎಷ್ಟು ಅಂಗುಲ ನೆರಳು ಬೀರುತ್ತದೋ ಅದು ಆ ಊರಿನ ಪಲಭೆ. ಮಾಗಡಿಯ ಅಕ್ಷಾಂಶಕ್ಕೆ ಈ ನೆರಳು ಎರಡೂ ಮುಕ್ಕಾಲು ಅಂಗುಲದಷ್ಟಾಗುತ್ತದೆ. ನಿರಕ್ಷದಲ್ಲಿ ಅದು ಸೊನ್ನೆ. ಲಗ್ನ ಕಟ್ಟುವುದಕ್ಕೂ ಸೂರ್ಯೋದಯ ಹೇಳುವುದಕ್ಕೂ ಇಷ್ಟು ಸಾಕಾಗುತ್ತಿತ್ತು. ಆದರೆ ಒಂದು ಅಂಶ ಅಕ್ಷಾಂಶಕ್ಕೆ ನೆಲದ ಮೇಲೆ ನಿಖರವಾಗಿ ಎಷ್ಟು ದೂರ, ಆ ದೂರ ಎಲ್ಲ ಕಡೆಯೂ ಒಂದೇಯೇ ಎಂಬ ಪ್ರಶ್ನೆಗೆ ಗೂಟದ ನೆರಳು ಉತ್ತರ ಹೇಳಲಾರದು.

ಆ ಪ್ರಶ್ನೆ 18ನೇ ಶತಮಾನದ ಯುರೋಪಿನಲ್ಲಿ ದೊಡ್ಡ ಜಗಳವಾಯಿತು. ಭೂಮಿ ತನ್ನ ಸುತ್ತ ತಿರುಗುವುದರಿಂದ ನಡುವಿನಲ್ಲಿ ಉಬ್ಬಿ ಧ್ರುವಗಳಲ್ಲಿ ಚಪ್ಪಟೆಯಾಗಿರಬೇಕೆಂದು ನ್ಯೂಟನ್ ವಾದಿಸಿದ್ದರೆ, ಫ್ರಾನ್ಸಿನ ಕಸೀನಿ ಮನೆತನದ ಖಗೋಳಜ್ಞರು ತಮ್ಮ ಅಳತೆಗಳನ್ನು ಮುಂದಿಟ್ಟು ಅದು ಧ್ರುವಗಳ ಕಡೆಗೆ ಉದ್ದವಾಗಿದೆ ಎಂದರು. ವಿವಾದ ಬಗೆಹರಿಸಲು ಫ್ರೆಂಚ್ ವಿಜ್ಞಾನ ಅಕಾಡೆಮಿ ಒಂದು ತಂಡವನ್ನು ಉತ್ತರದ ಲ್ಯಾಪ್‌ಲ್ಯಾಂಡಿಗೂ, ಗೋದೆನ್, ಬೂಗೇರ್, ಲ ಕೊಂದಾಮಿನ್ ಇವರ ಇನ್ನೊಂದು ತಂಡವನ್ನು 1735ರಲ್ಲಿ ದಕ್ಷಿಣ ಅಮೆರಿಕದ ಭೂಮಧ್ಯರೇಖೆಗೂ ಕಳುಹಿಸಿತು. ಕೀಟೋ ಬಳಿಯ ಯಾರುಕಿ ಬಯಲಿನಲ್ಲಿ ಆಧಾರರೇಖೆಯನ್ನು ಅಳೆದು, ಆಂಡೀಸ್ ಪರ್ವತಗಳ ಶಿಖರದಿಂದ ಶಿಖರಕ್ಕೆ ತ್ರಿಕೋನಗಳನ್ನು ಹೆಣೆಯುತ್ತ, ದಕ್ಷಿಣದ ಕ್ವೆಂಕಾದವರೆಗೆ ಮೂರು ಅಂಶಗಳಿಗೂ ತುಸು ಹೆಚ್ಚಿನ ಕಂಸವನ್ನು ಅವರು ಅಳೆದರು. ಭೂಮಧ್ಯರೇಖೆಯ ಬಳಿ ಅಕ್ಷಾಂಶದ ಒಂದು ಅಂಶ ಲ್ಯಾಪ್‌ಲ್ಯಾಂಡಿನ ಒಂದು ಅಂಶಕ್ಕಿಂತ ಸುಮಾರು ಒಂದು ಕಿಲೋಮೀಟರಿನಷ್ಟು ಗಿಡ್ಡವೆಂದು ಸಿದ್ಧವಾಗಿ ನ್ಯೂಟನ್ನನ ಪಕ್ಷ ಗೆದ್ದಿತು. ಆಧಾರರೇಖೆಯ ಎರಡು ತುದಿಗಳಲ್ಲಿ ಲ ಕೊಂದಾಮಿನ್ ಕಟ್ಟಿಸಿದ ಪಿರಮಿಡ್ಡುಗಳ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಅವುಗಳ ಮೇಲಿನ ಶಾಸನದಲ್ಲಿ ಫ್ರೆಂಚ್ ಅರಸನಿಗೆ ಎಷ್ಟು ಗೌರವ, ಜೊತೆಗಿದ್ದ ಸ್ಪೇನಿನ ಅಧಿಕಾರಿಗಳಿಗೆ ಎಷ್ಟು ಎಂಬ ವ್ಯಾಜ್ಯ ಹುಟ್ಟಿ, ಸ್ಪೇನಿನ ಆಜ್ಞೆಯಂತೆ ಅವನ್ನು ಕೆಡವಲಾಯಿತು. ಈಕ್ವೆಡಾರ್ ಸ್ವತಂತ್ರವಾದ ಮೇಲೆ 1836ರಲ್ಲಿ ಮತ್ತೆ ಕಟ್ಟಲಾಯಿತು. ಭೂಮಿಯ ಅಳತೆಗೆ ಗುರುತು ನೆಡುವ ಕೆಲಸ ಎಂದೂ ಬರಿಯ ವಿಜ್ಞಾನವಾಗಿರಲಿಲ್ಲ. ಇಂದು ಪ್ರವಾಸಿಗಳು ಕಾಲಿನ ಎರಡು ಬದಿಗೆ ಎರಡು ಅರ್ಧಗೋಳ ಬರುವಂತೆ ನಿಂತು ಚಿತ್ರ ತೆಗೆಸಿಕೊಳ್ಳುವ ಕೀಟೋ ಬಳಿಯ ಹಳದಿ ಗೆರೆಯಾದರೋ, ಉಪಗ್ರಹ ಆಧಾರಿತ ಅಳತೆಯ ಪ್ರಕಾರ ನಿಜವಾದ ಭೂಮಧ್ಯರೇಖೆಯಿಂದ ಸುಮಾರು 240 ಮೀಟರ್ ದಕ್ಷಿಣಕ್ಕಿದೆ. ಇದರಿಂದ ನೋಡಬರುವವರ ಸಂಖ್ಯೆಯೇನೂ ಇಳಿದಿಲ್ಲ.

ಕೀಟೋದ ತಂಡ ಅಳತೆಯ ಸರಪಳಿ ಹಿಡಿದು ಆಂಡೀಸ್ ಹತ್ತುತ್ತಿದ್ದಾಗ ಸಾವನದುರ್ಗ ಮೈಸೂರು ಅರಸರ ಕೈಗೆ ಬಂದು ಒಂದು ದಶಕವೂ ಆಗಿರಲಿಲ್ಲ. ಮಾಗಡಿ ಪಟ್ಟಣದಿಂದ ಕೆಲವೇ ಮೈಲಿ ದೂರದ ಈ ಬೆಟ್ಟ ಸಮುದ್ರಮಟ್ಟದಿಂದ 1,226 ಮೀಟರ್ ಎತ್ತರಕ್ಕೆ ಏರುವ, ಬಹುಪಾಲು ಬೋಳಾದ ಕಗ್ಗಲ್ಲಿನ ರಾಶಿ. ಸುತ್ತಲಿನವರು ಅದರ ಎರಡು ಶಿಖರಗಳನ್ನು ಬಣ್ಣ ನೋಡಿ ಕರಿಗುಡ್ಡ, ಬಿಳಿಗುಡ್ಡ ಎನ್ನುತ್ತಾರೆ. ಭೂವಿಜ್ಞಾನಿಗಳು ಈ ಕಲ್ಲನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂಬ, ಸುಮಾರು 250 ಕೋಟಿ ವರ್ಷ ಹಿಂದೆ ಭೂಗರ್ಭದಲ್ಲಿ ಗಟ್ಟಿಯಾದ, ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಹಬ್ಬಿದ ಶಿಲಾಪಟ್ಟಿಗೆ ಸೇರಿಸುತ್ತಾರೆ. ಮಾಡಬಾಳಿನಲ್ಲಿ ದೊರೆತ, ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, 1340ರ ಶಾಸನದಲ್ಲಿ ಬೆಟ್ಟದ ಹೆಸರು ಸಾವಂದಿ ಎಂದಿದೆ; ಬುಡದಲ್ಲಿರುವ ವೀರಭದ್ರನನ್ನು ಭಕ್ತರು ಇಂದಿಗೂ ಸಾವಂದಿ ವೀರಭದ್ರನೆಂದೇ ಕರೆಯುವುದನ್ನು ನೋಡಿದರೆ, ಸಾವಿನ ದುರ್ಗವೆಂದು ಹೆಸರನ್ನು ಬಿಡಿಸುವ ವಾಡಿಕೆ ಯುದ್ಧಕಾಲದ ಬಿಳಿಯರ ಬರವಣಿಗೆಯಿಂದ ಬಲಗೊಂಡದ್ದೆಂಬ ಅನುಮಾನ ಸಹಜ.

1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ಹಿಡಿದ ಮೇಲೆ ಯಲಹಂಕ ನಾಡಪ್ರಭುಗಳಾದ ಕೆಂಪೇಗೌಡರ ಮನೆತನ ಮಾಗಡಿಗೆ ಸರಿಯಿತು. ಬಯಲಿನ ಪೇಟೆಯನ್ನು ಕಳೆದುಕೊಂಡ ಅರಸುಮನೆತನಕ್ಕೆ ಕಾಡು, ಕಣಿವೆ, ಕಡಿದಾದ ಬಂಡೆಗಳೇ ರಕ್ಷೆಯಾದವು. ಮಾಗಡಿಯಲ್ಲಿ ಕೋಟೆಯೂ ಸೋಮೇಶ್ವರ ಗುಡಿಯೂ, ಸಾವನದುರ್ಗದಲ್ಲಿ ಆಪತ್ಕಾಲಕ್ಕೊದಗುವ ಗಿರಿದುರ್ಗವೂ ಈ ಆಳ್ವಿಕೆಯ ನೆನಪುಗಳು. 1728ರಲ್ಲಿ ಮೈಸೂರಿನ ದಳವಾಯಿ ದೇವರಾಜಯ್ಯ ಮಾಗಡಿಯನ್ನೂ ಸಾವನದುರ್ಗವನ್ನೂ ಗೆದ್ದು, ಕೊನೆಯ ಪ್ರಭುವನ್ನು ಶ್ರೀರಂಗಪಟ್ಟಣದಲ್ಲಿ ಸೆರೆಯಿಟ್ಟ. ಅಲ್ಲಿಂದ ಹೈದರ್, ಟಿಪ್ಪು ಇವರ ಕಾಲದವರೆಗೂ ದುರ್ಗವು ಬೆಂಗಳೂರು ಮತ್ತು ಶ್ರೀರಂಗಪಟ್ಟಣದ ನಡುವಿನ ದಾರಿಯ ಮೇಲೆ ಕಣ್ಣಿಟ್ಟಿತ್ತು.

ಬೆಟ್ಟ ದೂರದ ದೇಶಗಳವರ ಕಣ್ಣಿಗೆ ನೋಟವಾದದ್ದು ಮೂರನೆಯ ಮೈಸೂರು ಯುದ್ಧದಲ್ಲಿ. ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದ ಕಡೆಗೆ ಹೊರಟಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೇನಾಪತಿ ಕಾರ್ನ್‌ವಾಲಿಸ್‌ಗೆ ಬೆನ್ನ ಹಿಂದೆ ಈ ದುರ್ಗವನ್ನು ಉಳಿಸಿಕೊಂಡರೆ ಧಾನ್ಯ ಸಾಗಿಸುವ ದಾರಿ ಸುರಕ್ಷಿತವಾಗಿರುತ್ತಿರಲಿಲ್ಲ. 1791ರ ಡಿಸೆಂಬರ್ 10ರಂದು ಕರ್ನಲ್ ಸ್ಟುವರ್ಟ್‌ನ ಪಡೆ ಬೆಟ್ಟದ ಹತ್ತಿರ ಬೀಡುಬಿಟ್ಟಿತು; ದಟ್ಟ ಬಿದಿರು ಮೆಳೆಗಳನ್ನು ಕಡಿದು ಬಂಡೆಗಳ ನಡುವೆ ಫಿರಂಗಿಗಳನ್ನು ಎಳೆದು ತರುವುದೇ ಮುತ್ತಿಗೆಯ ಕಷ್ಟದ ಭಾಗವಾಯಿತು. 17ರಂದು ಫಿರಂಗಿಗಳು ಸಿಡಿಯತೊಡಗಿ, ಗೋಡೆ ಒಡೆದು, 21ರ ಹಗಲಿನಲ್ಲಿ ನಡೆದ ದಾಳಿ ಒಂದು ಗಂಟೆಯೊಳಗೆ ಮುಗಿಯಿತು. ಗೆದ್ದವರ ದಾಖಲೆಗಳ ಪ್ರಕಾರ ದಾಳಿಯಲ್ಲಿ ಅವರ ಕಡೆ ಗಾಯಗೊಂಡವನು ಒಬ್ಬನೇ ಸಿಪಾಯಿ. ಮೈಸೂರಿನ ಕಡೆ ಸತ್ತವರು ನೂರಕ್ಕೂ ಹೆಚ್ಚು. ಅಭೇದ್ಯವೆಂಬ ಹೆಸರು ಹೊತ್ತ ಕೋಟೆ ಇಷ್ಟು ಸುಲಭವಾಗಿ ಬಿದ್ದದ್ದಕ್ಕೆ, ಎರಡು ಶಿಖರಗಳ ನಡುವಿನ ಬಿರುಕೇ ಓಡುವವರಿಗೂ ಬೆನ್ನಟ್ಟುವವರಿಗೂ ಒಂದೇ ದಾರಿಯಾದದ್ದು ಒಂದು ಕಾರಣ.

ಯುದ್ಧದ ಬೆನ್ನಿಗೇ ಚಿತ್ರಗಳು ಬಂದವು. ಸೇನೆಯ ಜೊತೆಗಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಮೈಸೂರಿನ ದೃಶ್ಯಗಳ ಸಂಪುಟದಲ್ಲಿ ಸಾವನದುರ್ಗವಿದೆ. ಕಂಪನಿಯ ಅಧಿಕಾರಿ ರಾಬರ್ಟ್ ಹೈಡ್ ಕೋಲ್‌ಬ್ರುಕ್ ಬರೆದ ಮೈಸೂರಿನ ಹನ್ನೆರಡು ನೋಟಗಳಲ್ಲಿ ದುರ್ಗದ ಮೇಲಿನ ದಾಳಿಯನ್ನೇ ತೋರಿಸುವ ಚಿತ್ರವಿದೆ. ಇಂಗ್ಲೆಂಡಿನ ಓದುಕೋಣೆಗಳಲ್ಲಿ ಕುಳಿತವರಿಗೆ ಮಾಗಡಿಯ ಬಂಡೆ ಹೀಗೆ ರಮ್ಯವೂ ಭಯಾನಕವೂ ಆದ ದೃಶ್ಯವಾಗಿ, ಪುಟ ತಿರುವಿ ಪ್ರವಾಸ ಮಾಡುವ ಒಂದು ತಾಣವಾಗಿ ಪರಿಚಯವಾಯಿತು. ಈ ಕೋಲ್‌ಬ್ರುಕ್ ಮುಂದೆ ಬಂಗಾಳದ ಸರ್ವೇಯರ್ ಜನರಲ್ ಆದನೆಂಬುದು ಬರಿಯ ಆಕಸ್ಮಿಕವಲ್ಲ. ಆ ಕಾಲದ ಸೇನೆಯಲ್ಲಿ ಬೆಟ್ಟವನ್ನು ಚಿತ್ರಿಸುವ ಕೈಯೂ ಬೆಟ್ಟವನ್ನು ಅಳೆಯುವ ಕೈಯೂ ಬಹುಮಟ್ಟಿಗೆ ಒಂದೇ ಆಗಿತ್ತು. ಎರಡಕ್ಕೂ ಹಿಂದೆ ನೆಲವನ್ನು ಹಿಡಿಯುವ ಉದ್ದೇಶವಿತ್ತು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು, ಟಿಪ್ಪುವಿನ ರಾಜ್ಯ ಕಂಪನಿ, ನಿಜಾಮ, ಒಡೆಯರ್ ಮನೆತನ ಇವರ ನಡುವೆ ಹಂಚಿಹೋದಾಗ, ಯಾರ ಪಾಲಿಗೆ ಯಾವ ನೆಲ ಎಂದು ತಿಳಿಯಲು ನಕ್ಷೆ ಬೇಕಾಯಿತು. ಮೈಸೂರು ಸೀಮೆಯ ಊರು, ಕೆರೆ, ಗಡಿಗಳನ್ನು ದಾಖಲಿಸುವ ಕೆಲಸ ಕಾಲಿನ್ ಮೆಕೆಂಝಿಗೆ ಬಂದಿತು. ಅದೇ ಹೊತ್ತಿಗೆ 33ನೇ ಪಡೆಯ ಅಧಿಕಾರಿ ವಿಲಿಯಂ ಲ್ಯಾಂಬ್ಟನ್ ಬೇರೊಂದು ಬಗೆಯ ಸರ್ವೆಯನ್ನು ಸೂಚಿಸಿದ. ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳ ಒಂದು ಸರಣಿಯನ್ನು ಗಣಿತದ ಪೂರ್ಣ ನಿಷ್ಠೆಯಿಂದ ಹೆಣೆದರೆ, ಉಳಿದ ನಕ್ಷೆಗಳನ್ನೆಲ್ಲ ಅದಕ್ಕೆ ಕಟ್ಟಿ ನಿಲ್ಲಿಸಬಹುದು. ಜೊತೆಗೆ ಭೂಮಿಯ ಆಕಾರದ ಪ್ರಶ್ನೆಗೂ ಹೊಸ ಸಾಕ್ಷ್ಯ ಸಿಗುತ್ತದೆ ಎಂಬುದು ಅವನ ವಾದ. ಎರಡನೆಯದು ಅಲಂಕಾರಕ್ಕೆ ಸೇರಿಸಿದ ಮಾತಾಗಿರಲಿಲ್ಲ. ನೂರಾರು ಮೈಲಿ ಹಬ್ಬುವ ಸರ್ವೆಯಲ್ಲಿ ಭೂಮಿಯನ್ನು ಚಪ್ಪಟೆ ಹಲಗೆಯೆಂದು ಹಿಡಿದು ಲೆಕ್ಕ ಹಾಕಲಾಗದು, ಬಾಗಿದ ಮೇಲ್ಮೈಯೆಂದು ಹಿಡಿದರೆ ಆ ಬಾಗು ಎಷ್ಟೆಂದು ತಿಳಿದಿರಬೇಕು, ಮತ್ತು ಭೂಮಧ್ಯರೇಖೆಗೆ ಹತ್ತಿರದ ಅಕ್ಷಾಂಶಗಳಲ್ಲಿ ಆವರೆಗೆ ನಂಬತಕ್ಕ ಅಳತೆ ಎಂದರೆ ಮುಖ್ಯವಾಗಿ ಕೀಟೋದ್ದು. ಕಂಪನಿಯ ಎಲ್ಲರಿಗೂ ಇದು ಒಪ್ಪಿಗೆಯಾಗಿರಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿಯ ಬೋಯಿಗಳಿಗೆ ಊರ ಹೆಸರು ಹೇಳಿದರೆ ಸಾಕು, ಅವರೇ ಕರೆದೊಯ್ಯುತ್ತಾರೆ, ಅದಕ್ಕೆ ಇಷ್ಟು ಖರ್ಚಿನ ನಕ್ಷೆ ಏಕೆ ಎಂದು ಮದ್ರಾಸಿನ ಹಣಕಾಸಿನವರೊಬ್ಬರು ಕೇಳಿದರೆಂಬ ಮಾತು ಸರ್ವೆಯ ಚರಿತ್ರೆಯಲ್ಲಿ ಉಳಿದುಬಂದಿದೆ.

ತ್ರಿಕೋನ ಸರ್ವೆಯ ತತ್ವ ಸರಳ. ಒಂದು ಸಮತಟ್ಟು ಬಯಲಿನಲ್ಲಿ ಆರೇಳು ಮೈಲಿ ಉದ್ದದ ಗೆರೆಯೊಂದನ್ನು ಸರಪಳಿ ಹಿಡಿದು ಅಳೆಯಬೇಕು, ಇದು ಆಧಾರರೇಖೆ. ಅದರ ಎರಡು ತುದಿಗಳಿಂದ ದೂರದ ಬೆಟ್ಟವೊಂದರ ಕಡೆಗಿರುವ ಕೋನಗಳನ್ನು ಅಳೆದರೆ ಒಂದು ಬಾಹು ಮತ್ತು ಎರಡು ಕೋನಗಳು ತಿಳಿದ ತ್ರಿಕೋನ ಸಿಗುತ್ತದೆ, ಉಳಿದ ಬಾಹುಗಳನ್ನು ಲೆಕ್ಕದಿಂದಲೇ ಪಡೆಯಬಹುದು. ಆ ಬಾಹುಗಳೇ ಮುಂದಿನ ತ್ರಿಕೋನಗಳಿಗೆ ಆಧಾರ. ಸರಪಳಿ ಮತ್ತೆ ನೆಲಕ್ಕೆ ಬರುವುದು ಬಹುದೂರ ಸಾಗಿದ ಮೇಲೆ, ಲೆಕ್ಕ ಸರಿಯಿದೆಯೇ ಎಂದು ಪರೀಕ್ಷಿಸಲು ಮಾತ್ರ. ತತ್ವಕ್ಕಿಂತ ಆಚರಣೆಯಲ್ಲಿ ಕಷ್ಟ ಹೆಚ್ಚು. ಲ್ಯಾಂಬ್ಟನ್ನನ ಸರಪಳಿ ಎರಡೂವರೆ ಅಡಿಯ 40 ಕೊಂಡಿಗಳಿಂದಾದ, ನೂರು ಅಡಿ ಉದ್ದದ ಉಕ್ಕಿನದು. ಚೀನದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿ, ಅಲ್ಲಿ ಸ್ವೀಕಾರವಾಗದೆ ಭಾರತಕ್ಕೆ ಬಂದಿತ್ತು. ಬಿಸಿಲಿಗೆ ಉಕ್ಕು ಹಿಗ್ಗುವುದರಿಂದ ಪ್ರತಿ ಅಳತೆಯಲ್ಲಿಯೂ ತಾಪಮಾನವನ್ನು ಗುರುತಿಸಿ ತಿದ್ದುಪಡಿ ಮಾಡಬೇಕಾಗಿತ್ತು. 1800ರ ಅಕ್ಟೋಬರ್ 14ರಿಂದ ಡಿಸೆಂಬರ್ 10ರವರೆಗೆ ಬೆಂಗಳೂರಿನ ಬಯಲಿನಲ್ಲಿ ಅಳೆದ ಮೊದಲ ಆಧಾರರೇಖೆ 7.4321 ಮೈಲಿ ಬಂದಿತು. ಭಾರತದ ಮಹಾ ತ್ರಿಕೋನ ಸರ್ವೆಯ ಪೀಠಿಕೆ ಹೀಗೆ ಮದ್ರಾಸಿನಲ್ಲಿ ಅಲ್ಲ, ಕನ್ನಡನಾಡಿನ ನೆಲದ ಮೇಲೆ ಬರೆಯಲ್ಪಟ್ಟಿತು.

ಕೋನಗಳನ್ನು ಅಳೆಯುವ ಉಪಕರಣ ಥಿಯೋಡೊಲೈಟ್. ಅಂಶಗಳನ್ನು ಕೊರೆದ ಅಡ್ಡ ಮತ್ತು ಉದ್ದ ವೃತ್ತಗಳ ಮೇಲೆ ತಿರುಗುವ ದೂರದರ್ಶಕ ಎಂದು ಅದನ್ನು ವರ್ಣಿಸಬಹುದು. ಲಂಡನ್ನಿನ ಕ್ಯಾರಿ ತಯಾರಿಸಿದ, 36 ಅಂಗುಲ ವ್ಯಾಸದ, ಅರ್ಧ ಟನ್ ತೂಕದ ಲ್ಯಾಂಬ್ಟನ್ನನ ಥಿಯೋಡೊಲೈಟ್ ಬರುತ್ತಿದ್ದ ಹಡಗು ಫ್ರೆಂಚರ ವಶವಾಗಿ ಮಾರಿಷಸ್ ಸೇರಿತು. ವಸ್ತು ವಿಜ್ಞಾನಕ್ಕೆ ಸೇರಿದ್ದೆಂದು ತಿಳಿದ ಅಲ್ಲಿನ ಗವರ್ನರ್ ಅದನ್ನು ಸೌಜನ್ಯದಿಂದ ಮದ್ರಾಸಿಗೆ ಕಳುಹಿಸಿದ. 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಏಳೂವರೆ ಮೈಲಿಯ ಹೊಸ ಆಧಾರರೇಖೆಯನ್ನು ಅಳೆದು ಲ್ಯಾಂಬ್ಟನ್ ಪಶ್ಚಿಮಕ್ಕೆ ಹೊರಟ. 1804ರಲ್ಲಿ ಸರಣಿ ಬೆಂಗಳೂರನ್ನು ಮುಟ್ಟಿದಾಗ ಅವನ ಸಹಾಯಕ ಜಾನ್ ವಾರನ್ ಅಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದ. ಮದ್ರಾಸಿನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಪಡೆದ ಉದ್ದಕ್ಕೂ ನೆಲದ ಮೇಲೆ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ ಕೇವಲ 3.7 ಅಂಗುಲ.

ಬೆಂಗಳೂರಿನಿಂದ ಮುಂದಕ್ಕೆ, ಮಂಗಳೂರಿನ ಕಡೆಗೆ ಸಾಗಿದ ಸಾಲಿನಲ್ಲಿ ಸಾವನದುರ್ಗ ಬರುತ್ತದೆ. ಮದ್ರಾಸು, ಬೆಂಗಳೂರು, ಮಾಗಡಿ, ಮಂಗಳೂರು ಇವೆಲ್ಲ 13ನೇ ಉತ್ತರ ಅಕ್ಷಾಂಶದ ಆಚೀಚೆ ಕೆಲವೇ ಮೈಲಿಗಳೊಳಗೆ ಪೋಣಿಸಿದಂತಿರುವುದು ಭೂಗೋಳದ ಒಂದು ಸೊಗಸು. ಸಾವನದುರ್ಗದ ಶಿಖರ ಈ ರೇಖೆಯಿಂದ ಸುಮಾರು 9 ಕಿಲೋಮೀಟರ್ ದಕ್ಷಿಣಕ್ಕಿದೆ. ಸುತ್ತಲಿನ ಕಾಡುಗುಡ್ಡಗಳ ನಡುವೆ ತಲೆಯೆತ್ತಿ ನಿಂತ, ಬೆಂಗಳೂರಿನ ಕಡೆಯಿಂದಲೂ ಪಶ್ಚಿಮದ ಕಡೆಯಿಂದಲೂ ಕಾಣುವ, ನೆತ್ತಿ ಬೋಳಾಗಿ ಮರಗಳ ಅಡ್ಡಿಯಿಲ್ಲದ ಬೆಟ್ಟ ಅಳತೆಗಾರನಿಗೆ ವರವೇ ಸರಿ. ಹನ್ನೆರಡು ವರ್ಷಗಳ ಹಿಂದೆ ಫಿರಂಗಿಯನ್ನು ತಡೆಯಲು ಕೆಲಸಕ್ಕೆ ಬಾರದೆ ಹೋದ ಎತ್ತರ ಈಗ ದೂರದ ಬಾವುಟಗಳನ್ನು ಗುರಿಯಿಟ್ಟು ನೋಡಲು ಒದಗಿತು.

ಪರ್ಯಾಯದ್ವೀಪವನ್ನು ದಾಟಿದ ಈ ಸರಣಿಯ ವರದಿಯಲ್ಲಿ ಸಾವನದುರ್ಗಕ್ಕೆ ಸಾಮಾನ್ಯ ನಿಲ್ದಾಣಕ್ಕಿಂತ ಹೆಚ್ಚಿನ ಸ್ಥಾನವಿದೆ. ಪಶ್ಚಿಮದಲ್ಲಿ ಲ್ಯಾಂಬ್ಟನ್ ಮುಲ್ಲಪುನ್ನಬೆಟ್ಟ ಎಂದು ಬರೆದಿರುವ ಇನ್ನೊಂದು ಬೆಟ್ಟದೊಂದಿಗೆ ಇದನ್ನು ಜೋಡಿಯಾಗಿ ಹಿಡಿದು, ಪೂರ್ವ ಪಶ್ಚಿಮ ದಿಕ್ಕಿನಲ್ಲಿ ಒಂದು ಅಂಶಕ್ಕೆ ಎಷ್ಟು ದೂರವೆಂಬುದನ್ನು ಅವನು ಸಾಧಿಸಲು ಯತ್ನಿಸಿದ. ಆ ವಿಧಾನ ಹೀಗೆ: ಧ್ರುವನಕ್ಷತ್ರವನ್ನು ನೋಡಿ ಎರಡೂ ಬೆಟ್ಟಗಳಲ್ಲಿ ನಿಜವಾದ ಉತ್ತರ ದಿಕ್ಕನ್ನು ಗೊತ್ತುಮಾಡಿಕೊಂಡು, ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟ ಆ ಉತ್ತರಕ್ಕೆ ಯಾವ ಕೋನದಲ್ಲಿದೆ ಎಂದು ಅಳೆಯುವುದು. ಮಧ್ಯಾಹ್ನರೇಖೆಗಳು, ಅಂದರೆ ಧ್ರುವದಿಂದ ಧ್ರುವಕ್ಕೆ ಹಾಯುವ ಉದ್ದಗೆರೆಗಳು, ಧ್ರುವದ ಕಡೆಗೆ ಒಂದಕ್ಕೊಂದು ವಾಲುವುದರಿಂದ, ಈ ಎರಡು ಉತ್ತರಗಳು ಪೂರ್ತಿ ಸಮಾಂತರವಾಗಿರುವುದಿಲ್ಲ. ಆ ವಾಲಿಕೆಯಿಂದ ಎರಡು ಬೆಟ್ಟಗಳ ನಡುವಿನ ರೇಖಾಂಶದ ವ್ಯತ್ಯಾಸ ತಿಳಿಯುತ್ತದೆ, ತ್ರಿಕೋನಗಳಿಂದ ದೂರ ಮೊದಲೇ ತಿಳಿದಿರುತ್ತದೆ, ಒಂದನ್ನು ಇನ್ನೊಂದರಿಂದ ಭಾಗಿಸಿದರೆ ಅಂಶದ ಅಳತೆ ಬರುತ್ತದೆ.

ಭೂಮಧ್ಯರೇಖೆಯ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಈ ಲೆಕ್ಕದಲ್ಲಿ. ಮಧ್ಯಾಹ್ನರೇಖೆಗಳ ವಾಲಿಕೆ ಧ್ರುವದ ಬಳಿ ಅತಿ ಹೆಚ್ಚು, ಭೂಮಧ್ಯರೇಖೆಯ ಮೇಲೆ ಏನೂ ಇಲ್ಲ; ಅಲ್ಲಿ ಎಲ್ಲ ಮಧ್ಯಾಹ್ನರೇಖೆಗಳೂ ಸಮಾಂತರವಾಗಿ ರೇಖೆಯನ್ನು ದಾಟುತ್ತವೆ. ಮಾಗಡಿಯ ಅಕ್ಷಾಂಶದಲ್ಲಿ ಒಂದು ಅಂಶ ರೇಖಾಂಶಕ್ಕೆ ಈ ವಾಲಿಕೆ ಅಂಶದ ಕಾಲು ಭಾಗಕ್ಕೂ ಕಡಿಮೆ, ಸುಮಾರು ಹದಿಮೂರೂವರೆ ಕಲೆ. ಕಲೆಯೆಂದರೆ ಅಂಶದ 60ನೇ ಒಂದು ಭಾಗ. ಹಾಗಾಗಿ ನಕ್ಷತ್ರ ನೋಡುವಲ್ಲಿ ಆದ ಸಣ್ಣ ತಪ್ಪೊಂದು ಉತ್ತರದಲ್ಲಿ ನಾಲ್ಕು ಪಟ್ಟಿಗಿಂತ ಹೆಚ್ಚಾಗಿ ಬೆಳೆದು ಕಾಣಿಸುತ್ತದೆ. ಇಂಗ್ಲೆಂಡಿನಲ್ಲಿ ನೆಚ್ಚಿಕೊಳ್ಳಬಹುದಾಗಿದ್ದ ವಿಧಾನ ಸಾವನದುರ್ಗದಲ್ಲಿ ಅಷ್ಟು ನೆಚ್ಚಿಕೆಗೆ ಯೋಗ್ಯವಾಗಿರಲಿಲ್ಲ, ಭೂಮಧ್ಯರೇಖೆಯಲ್ಲಂತೂ ಪೂರ್ತಿ ನಿರುಪಯುಕ್ತ. ಪೂರ್ವ ಪಶ್ಚಿಮದ ಅಂಶಕ್ಕಿಂತ ಉತ್ತರ ದಕ್ಷಿಣದ ಕಂಸವನ್ನು ಅಳೆಯುವುದರಲ್ಲಿಯೇ ಲ್ಯಾಂಬ್ಟನ್ ಉಳಿದ ಆಯುಷ್ಯವನ್ನು ಸವೆಸಿದ್ದಕ್ಕೆ ಈ ಅಡಚಣೆಯೂ ಒಂದು ಕಾರಣವಾಗಿರಬೇಕೆಂದು ಊಹಿಸಬಹುದು. ಇಂದಿನ ಅಳತೆಯಲ್ಲಿ ಭೂಮಧ್ಯರೇಖೆಯ ಮೇಲೆ ಒಂದು ಅಂಶ ರೇಖಾಂಶ 111.3 ಕಿಲೋಮೀಟರ್, ಮಾಗಡಿಯ ನೇರದಲ್ಲಿ ಸುಮಾರು 108.5 ಕಿಲೋಮೀಟರ್.

ಮಂಗಳೂರು ಮುಟ್ಟಿದ ಸರಣಿ ಹೊರಗೆಡಹಿದ ಸಂಗತಿ ಕಂಪನಿಯ ಅಧಿಕಾರಿಗಳನ್ನು ಬೆರಗುಗೊಳಿಸಿತು. ಹಳೆಯ ನಕ್ಷೆಗಳಲ್ಲಿ 400 ಮೈಲಿ ಅಗಲವಿದ್ದ ಪರ್ಯಾಯದ್ವೀಪ ಮದ್ರಾಸಿನಿಂದ ಮಂಗಳೂರಿಗೆ 360 ಮೈಲಿ ಮಾತ್ರವೆಂದು ತಿಳಿಯಿತು. ಕಂಪನಿ ತನ್ನದೆಂದುಕೊಂಡಿದ್ದ 40 ಮೈಲಿ ಅಗಲದ ನೆಲ ಇರಲೇ ಇಲ್ಲ. ಆಮೇಲೆ ಲ್ಯಾಂಬ್ಟನ್ ಕನ್ಯಾಕುಮಾರಿಯ ಹತ್ತಿರದ ಪುನ್ನೈಯಿಂದ ಬೀದರಿಗೆ ದೂರವಿಲ್ಲದ ದಾಮರಗಿದ್ದದವರೆಗೆ, 8ರಿಂದ 18ನೇ ಅಕ್ಷಾಂಶದವರೆಗೆ ಸುಮಾರು 10 ಅಂಶಗಳ ಕಂಸವನ್ನು ಅಳೆದು, ಕೀಟೋದವರ ಮೂರು ಅಂಶಗಳನ್ನು ಬಹುದೂರ ಮೀರಿಸಿದ. 1818ರಲ್ಲಿ ಈ ಕಾರ್ಯಕ್ಕೆ ಮಹಾ ತ್ರಿಕೋನ ಸರ್ವೆ ಎಂಬ ಅಧಿಕೃತ ಹೆಸರು ಬಂದಿತು. 1823ರ ಜನವರಿ 20ರಂದು ಹಿಂಗನ್‌ಘಾಟ್‌ನಲ್ಲಿ ಅವನು ತೀರಿಕೊಂಡ. ಹಿಮಾಲಯದ ಶಿಖರಕ್ಕೆ ಹೆಸರಾದದ್ದು ಅವನ ಉತ್ತರಾಧಿಕಾರಿ ಎವರೆಸ್ಟ್.

ಅಳತೆಗಾರರು ಹೋದರು, ಬೆಟ್ಟ ಹಳೆಯ ಯಾತ್ರಿಕರಿಗೆ ಉಳಿಯಿತು. 1800ರಲ್ಲಿಯೇ ಮಾಗಡಿ ಸೀಮೆಯನ್ನು ಹಾಯ್ದ ಫ್ರಾನ್ಸಿಸ್ ಬ್ಯೂಕ್ಯಾನನ್ ಇಲ್ಲಿನ ಕಾಡನ್ನೂ ಕಬ್ಬಿಣ ಕರಗಿಸುವವರ ಕುಲುಮೆಗಳನ್ನೂ ಗಮನಿಸಿದ್ದ; ಬಿ. ಎಲ್. ರೈಸ್ ಮೈಸೂರು ಗ್ಯಾಸೆಟಿಯರ್‌ನಲ್ಲಿ ದುರ್ಗವನ್ನು ವರ್ಣಿಸಿದ. ವೀರಭದ್ರ, ನರಸಿಂಹ ದೇವಸ್ಥಾನಗಳಿಗೆ ಹರಕೆ ಹೊತ್ತವರೂ ಬೆಟ್ಟದ ದರ್ಗಾಕ್ಕೆ ನಡೆದುಕೊಳ್ಳುವವರೂ ಈ ಯಾವ ಪುಸ್ತಕವನ್ನೂ ಕಾಯಲಿಲ್ಲ. ಹೊಸ ಬಗೆಯ ನೋಡುಗರು ಸಿನಿಮಾದ ಬೆನ್ನಿಗೆ ಬಂದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಚಿತ್ರೀಕರಣವಾದ ‘ಶೋಲೆ’ 1975ರಲ್ಲಿ ತೆರೆಕಂಡಿತು. ಡೇವಿಡ್ ಲೀನ್ 1984ರ ‘ಎ ಪ್ಯಾಸೇಜ್ ಟು ಇಂಡಿಯಾ’ ಚಿತ್ರದ ಗುಹೆಗಳ ಸನ್ನಿವೇಶಕ್ಕೆ ಸಾವನದುರ್ಗವನ್ನು ಆರಿಸಿಕೊಂಡ, ಬಿಹಾರದ ಕಲ್ಪಿತ ಬೆಟ್ಟಗಳಿಗೆ ಮಾಗಡಿಯ ಬಂಡೆ ಬಣ್ಣ ಹಚ್ಚಿಕೊಂಡು ನಿಂತಿತು. ಬಂಡೆ ಹತ್ತುವ ಕ್ರೀಡೆಯವರು, ಚಾರಣಿಗರು, ಹಳದಿ ಕೊರಳಿನ ಪಿಕಳಾರವನ್ನು ಹುಡುಕುವ ಪಕ್ಷಿಪ್ರಿಯರು ಆಮೇಲಿನವರು. ಇವರೆಲ್ಲರಿಗೂ ಬೆಟ್ಟ ಏಷ್ಯದ ಅತಿ ದೊಡ್ಡ ಏಕಶಿಲೆಗಳಲ್ಲೊಂದು ಎಂಬ ಒಂದೇ ಮಾತು ಮತ್ತೆ ಮತ್ತೆ ಕೇಳಿಸುತ್ತದೆ. ಈ ಶಿಲೆಯ ಮೇಲೆ ನಿಂತು ಭೂಮಿಯನ್ನು ಅಳೆದ ಸಂಗತಿಯನ್ನು ಹೇಳುವವರು ವಿರಳ.

ಭೂಮಧ್ಯರೇಖೆಯ ತಾಣಗಳ ಜೊತೆ ಹೋಲಿಸಿದರೆ ಈ ಕೊರತೆ ಎದ್ದು ಕಾಣುತ್ತದೆ. ಆಫ್ರಿಕದ ಪಶ್ಚಿಮಕ್ಕಿರುವ ಸಾವೊ ತೊಮೆ ದೇಶದ ರೋಲಸ್ ಎಂಬ ಪುಟ್ಟ ದ್ವೀಪದಲ್ಲಿ, ರೇಖೆ ದ್ವೀಪವನ್ನು ಎಲ್ಲಿ ದಾಟುತ್ತದೆ ಎಂದು ಗೊತ್ತುಮಾಡಿದ ಪೋರ್ಚುಗೀಸ್ ನೌಕಾಧಿಕಾರಿ ಗಾಗೊ ಕುಟಿನ್ಯೊನ ನೆನಪಿಗೆ ಸ್ಮಾರಕವಿದೆ. ಅಲ್ಲಿಗೆ ಹೋದವನು ಗೆರೆಯ ಜೊತೆಗೆ ಗೆರೆ ಎಳೆದವನನ್ನೂ ತಿಳಿದುಕೊಳ್ಳುತ್ತಾನೆ. ಉಗಾಂಡ, ಕೀನ್ಯಗಳಲ್ಲಿ ಬೋಗುಣಿಯ ನೀರು ರೇಖೆಯ ಒಂದು ಬದಿಗೆ ಬಲಕ್ಕೂ ಇನ್ನೊಂದು ಬದಿಗೆ ಎಡಕ್ಕೂ ಸುತ್ತುವುದನ್ನು ತೋರಿಸಿ ಕಾಸು ಕೇಳುವ ಆಟ ಬಹಳ ಜನಪ್ರಿಯ. ಭೂಮಿಯ ತಿರುಗಾಟ ಅಷ್ಟು ಚಿಕ್ಕ ಬೋಗುಣಿಯಲ್ಲಿ ಕಾಣುವಷ್ಟು ಪ್ರಬಲವಲ್ಲ, ಸುರಿಯುವವನ ಕೈಚಳಕವೇ ಅದರ ಗುಟ್ಟು. ಸುಳ್ಳೆಂದು ತಿಳಿದೂ ಜನ ನಿಂತು ನೋಡುತ್ತಾರೆ. ಅದಕ್ಕಿಂತ ಪ್ರಾಮಾಣಿಕವಾದ ನೋಟ ಪೊಂಟಿಯಾನಕ್‌ನದು: ಮಾರ್ಚ್ ಮತ್ತು ಸೆಪ್ಟೆಂಬರ್‌ನ ವಿಷುವದ್ದಿನಗಳ ಆಸುಪಾಸಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬಂದು, ನೆಟ್ಟಗೆ ನಿಂತ ಕಂಬಗಳ ನೆರಳು ಬುಡದಲ್ಲಿ ಅಡಗುವುದನ್ನು ನೋಡಲು ಅಲ್ಲಿ ಪ್ರತಿವರ್ಷ ಉತ್ಸವವೇ ನಡೆಯುತ್ತದೆ.

ಇಂಥ ನೆರಳಿಲ್ಲದ ದಿನ ಭೂಮಧ್ಯರೇಖೆಯ ಸ್ವತ್ತಲ್ಲ. ಕರ್ಕಾಟಕ ಮತ್ತು ಮಕರ ಸಂಕ್ರಾಂತಿವೃತ್ತಗಳ ನಡುವಿನ ಎಲ್ಲ ಊರುಗಳಿಗೂ ವರ್ಷಕ್ಕೆ ಎರಡು ಸಲ ಅದು ಬರುತ್ತದೆ. ಮಾಗಡಿಗೆ ಏಪ್ರಿಲ್ 24ರ ಆಸುಪಾಸಿನಲ್ಲಿ ಮಧ್ಯಾಹ್ನ 12 ಗಂಟೆ 19 ನಿಮಿಷದ ಹೊತ್ತಿಗೆ ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಇನ್ನೂ ಐದಾರು ನಿಮಿಷ ತಡವಾಗಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ಆಗಸ್ಟ್‌ನಲ್ಲಿ ಮೋಡದ ಕಾಟ ಇರಬಹುದು, ಏಪ್ರಿಲ್‌ನಲ್ಲಿ ಆಕಾಶ ಸಾಮಾನ್ಯವಾಗಿ ಸ್ವಚ್ಛ. ಬೆಂಗಳೂರಿನ ಶಾಲೆಗಳಲ್ಲಿಯೂ ತಾರಾಲಯದಲ್ಲಿಯೂ ಶೂನ್ಯ ನೆರಳಿನ ದಿನವನ್ನು ಈಚೆಗೆ ಆಸಕ್ತಿಯಿಂದ ಆಚರಿಸಲಾಗುತ್ತಿದೆ. ಮಾಗಡಿಯ ಕೋಟೆ ಬಯಲಿನಲ್ಲಿ ಮಕ್ಕಳು ಒಂದು ಗೂಟ ನೆಟ್ಟು ಇದನ್ನು ನೋಡಲು ಯಾವ ಉಪಕರಣವೂ ಬೇಕಿಲ್ಲ.

ಸಾವನದುರ್ಗದ ಬುಡದಲ್ಲಿ ಚಾರಣಿಗರಿಗೆಂದು ಅರಣ್ಯ ಇಲಾಖೆ ಹಾಕಿರುವ ಫಲಕಗಳಲ್ಲಿ ಪ್ಲಾಸ್ಟಿಕ್ ತರಬಾರದು, ಕತ್ತಲೆಗೆ ಮುಂಚೆ ಇಳಿಯಬೇಕು ಎಂಬ ಸೂಚನೆಗಳಿಗೆ ಜಾಗವಿದ್ದರೆ, ಬೆಟ್ಟದ ಅಕ್ಷಾಂಶ ರೇಖಾಂಶಗಳನ್ನೂ, 1340ರ ಸಾವಂದಿಯನ್ನೂ, ಕೆಂಪೇಗೌಡರ ದುರ್ಗವನ್ನೂ, 1791ರ ಡಿಸೆಂಬರನ್ನೂ, ಮದ್ರಾಸಿನಿಂದ ಮಂಗಳೂರಿಗೆ ಹಾಯ್ದ ತ್ರಿಕೋನಗಳನ್ನೂ ನಾಲ್ಕು ಸಾಲಿನಲ್ಲಿ ಹೇಳುವ ಇನ್ನೊಂದು ಫಲಕಕ್ಕೂ ಜಾಗ ಸಿಗಬೇಕು. ಪಿರಮಿಡ್ಡನ್ನಾಗಲಿ ಗುಮ್ಮಟವನ್ನಾಗಲಿ ಯಾರೂ ಕೇಳುತ್ತಿಲ್ಲ. ಬಂಡೆಯ ಮೇಲೆ ಹೊಸದಾಗಿ ಏನನ್ನೂ ಕೊರೆಯದೆ, ಬುಡದಲ್ಲಿ ಕನ್ನಡದಲ್ಲಿ ಬರೆದ ಒಂದು ಕಲ್ಲು ಸಾಕು. ಭಾರತೀಯ ಸರ್ವೇಕ್ಷಣ ಇಲಾಖೆ, ಅರಣ್ಯ ಇಲಾಖೆ, ಮಾಗಡಿಯ ಶಾಲೆ ಕಾಲೇಜುಗಳು ಕೂಡಿ ಮುಂದಿನ ಏಪ್ರಿಲ್‌ನ ನೆರಳಿಲ್ಲದ ಮಧ್ಯಾಹ್ನದೊಳಗೆ ಇದನ್ನು ಮಾಡಬಹುದು, ಮಾಡಬೇಕು.